ಬಾದಾಮಿಯ ಕಲ್ಮನೆಯಿಂದ ಕೂಡಲಸಂಗಮಕ್ಕೆ: ಧರ್ಮದಲ್ಲಿ ಕನ್ನಡದ ಸ್ಥಾನ

ಮತಧರ್ಮದ ವ್ಯವಹಾರದಲ್ಲಿ ಕನ್ನಡಕ್ಕೆ ಸ್ಥಾನವು ದೊರೆತುದು 12ನೆಯ ಶತಮಾನದ ಶಿವಶರಣರಿಂದಲೇ ಎಂಬ ಅಭಿಪ್ರಾಯವು ಬಹಳವಾಗಿ ಪ್ರಚಾರದಲ್ಲಿದೆ. ಬಾಗಲಕೋಟೆಯ ಸೀಮೆಯ ಸಾಮಗ್ರಿಯನ್ನಷ್ಟೇ ಪರಿಶೀಲಿಸಿದರೂ ಇದು ಅರ್ಧಸತ್ಯವೆಂದು ಕಂಡುಬರುವುದು.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಎರಡು ಶಾಸನಗಳುಂಟು. ಶಕ 500ರ, ಎಂದರೆ ಕ್ರಿ. ಶ. 578ರ ಸಂಸ್ಕೃತ ಶಾಸನವು ಚಾಲುಕ್ಯರ ವಂಶವನ್ನು ಕೀರ್ತಿಸಿ, ವಿಷ್ಣುಗೃಹವನ್ನು ಮಾಡಿಸಿದ ಪುಣ್ಯವನ್ನು ಅಣ್ಣನಾದ ಕೀರ್ತಿವರ್ಮನಿಗೆ ಅರ್ಪಿಸುತ್ತದೆ. ಕನ್ನಡ ಶಾಸನವಾದರೋ ಕಿರಿದು. ಅದು ಆ ಗುಡಿಯನ್ನು ‘ಕಲ್ಮನೆ’ ಎಂಬ ಅಚ್ಚಗನ್ನಡದ ಹೆಸರಿನಿಂದ ಕರೆದು, ದೇವರಿಗೆ ಬಿಟ್ಟ ಊರನ್ನೂ ಹೂಮಾಲೆಗಾರನ ಪಾಲನ್ನೂ ಹೇಳಿ, ದತ್ತಿಯನ್ನು ಅಳಿದವನಿಗೆ ಮಹಾಪಾತಕವೂ ನರಕವೂ ತಪ್ಪವೆಂದು ಎಚ್ಚರಿಸುತ್ತದೆ. ಪಾಪವನ್ನೂ ನರಕವನ್ನೂ ನುಡಿಯಬಲ್ಲ ಭಾಷೆಯನ್ನು ಕೇವಲ ಲೌಕಿಕವೆನ್ನುವುದು ಹೇಗೆ? ಆದರೆ ಇಲ್ಲಿ ಕನ್ನಡವು ದೇವರ ಪಕ್ಷದಿಂದ ಮನುಷ್ಯರೊಡನೆ ಮಾತನಾಡುತ್ತದೆಯೇ ಹೊರತು, ಮನುಷ್ಯನ ಪಕ್ಷದಿಂದ ದೇವರೊಡನೆ ಅಲ್ಲ.

ಇದಕ್ಕೆ ಭಾಷೆಯ ಅಶಕ್ತಿಯು ಕಾರಣವಲ್ಲ. ಅದೇ ಊರಿನ ಬಂಡೆಯ ಮೇಲೆ ಸುಮಾರು ಕ್ರಿ. ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಪಕ್ವವಾದ ತ್ರಿಪದಿಗಳಿವೆ. ಪಂಪನ ಆದಿಪುರಾಣದಲ್ಲಿ (941) ಜಿನಸ್ತುತಿಯುಂಟಲ್ಲವೇ ಎಂದು ಕೇಳಬಹುದು. ಉಂಟು, ಆದರೆ ಅದು ಪಂಡಿತಕವಿಯ ಚಂಪೂವಾಣಿ. ಹಾಲು, ಹೊಲ, ಮನೆವಾರ್ತೆಗಳ ನುಡಿಯಲ್ಲಿಯೇ ದೇವರನ್ನು ಕರೆದು, ಬೇಡಿ, ಜಗಳವಾಡಿದವರು ವಚನಕಾರರು. ಅವರ ಹಿರಿಮೆಯನ್ನು ಭಾಷೆಯ ಆಯ್ಕೆಯಲ್ಲಿ ಮಾತ್ರವಲ್ಲದೆ, ಸಂಬೋಧನೆಯ ಈ ದಿಕ್ಕನ್ನು ತಿರುಗಿಸಿದುದರಲ್ಲಿ ಅರಸಬೇಕು.

ಅವರಿಗೆ ಸಂಸ್ಕೃತದ್ವೇಷವನ್ನು ಆರೋಪಿಸುವುದೂ ಸಲ್ಲದು. ವಚನಗಳಲ್ಲಿ ಸಂಸ್ಕೃತೋಕ್ತಿಗಳು ಹೇರಳವಾಗಿವೆ. ಬಸವಣ್ಣನವರ ಅಂಕಿತವನ್ನೇ ನೋಡಿರಿ. ಹುನಗುಂದದ ನಾಡಿನಲ್ಲಿ ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸ್ಥಳಕ್ಕೆ ಕೂಡಲಸಂಗಮವೆಂದು ಹೆಸರು. ‘ಕೂಡಲ್’ ಎಂದರೂ ‘ಸಂಗಮ’ ಎಂದರೂ ಅರ್ಥವು ಒಂದೇ. ಕನ್ನಡವೂ ಸಂಸ್ಕೃತವೂ ಒಂದನ್ನೊಂದು ಅಳಿಸದೆ ಒಂದೇ ದೈವನಾಮದಲ್ಲಿ ನಿಂತಿವೆ.

ಈ ಒರೆಗಲ್ಲಿಗೆ ಈ ಸೀಮೆಯ ಮೊಹರಂ ಪದಗಳನ್ನೂ ಹಚ್ಚಬಹುದು. ನಮಾಜಿನ ಭಾಷೆ ಅರಬ್ಬಿ. ‘ರಿವಾಯತ’ ಎಂಬ ಹೆಸರೂ ಅರಬ್ಬಿಯೇ. ಆದರೆ 680ರ ಕರ್ಬಲದ ಶೋಕವನ್ನು ಅಲಾವಿಯ ಸುತ್ತ ಹಾಡುವಾಗ ನುಡಿಯು ಕನ್ನಡ. ಹಾಡುವವರಲ್ಲಿ ಹಿಂದುಗಳೂ ಮುಸಲ್ಮಾನರೂ ಉಂಟು. ವಿಧಿಯನ್ನು ಬಂದ ಭಾಷೆಯಲ್ಲಿಯೇ ಉಳಿಸಿಕೊಂಡು, ದುಃಖವನ್ನು ಮಾತ್ರ ಮನೆಯ ಭಾಷೆಗೆ ತಂದುಕೊಂಡ ಬಗೆಯಿದು.

ಆದುದರಿಂದ, ಪೂಜೆಗೆ ತಕ್ಕ ಭಾಷೆ ಯಾವುದೆಂಬ ವಿವಾದದಲ್ಲಿ ಈ ನಾಡಿನ ಪ್ರಾಚೀನತೆಯನ್ನು ಸಾಕ್ಷಿಗೆ ಕರೆಯುವ ಉಭಯಪಕ್ಷದವರೂ ಮೊದಲು ಆ ಗುಹೆಯ ಎರಡು ಶಾಸನಗಳನ್ನೂ ಓದುವುದು ಉಚಿತ. ಒಂದನ್ನೇ ಓದಿದವನಿಗೆ ದೊರೆಯುವ ಸಾಕ್ಷ್ಯವೂ ಅರ್ಧವೇ.