ಕೂಡಿಸಿ ಕಟ್ಟಿದವರ ಸೀಮೆ: ಎಡೆಯೂರು, ಗೂಳೂರು, ಗುಬ್ಬಿ

ತುಮಕೂರು ಜಿಲ್ಲೆಯ ಸಾಹಿತ್ಯ ಚರಿತ್ರೆಯೆಂದು ನಾವು ಓದುತ್ತ ಬಂದಿರುವುದು ಹೆಚ್ಚಾಗಿ ಹುಟ್ಟೂರುಗಳ ಪಟ್ಟಿಯನ್ನು. ಸಂಪಿಗೆಯಲ್ಲಿ ಬಿ.ಎಂ.ಶ್ರೀ. ಹುಟ್ಟಿದರು, ತೀರ್ಥಪುರದಲ್ಲಿ ತೀ.ನಂ.ಶ್ರೀ., ಚಿಕ್ಕನಾಯಕನಹಳ್ಳಿಯಲ್ಲಿ ಡಿ.ಎಲ್.ನರಸಿಂಹಾಚಾರ್. ಸ್ಮರಣ ಸಂಚಿಕೆಗಳಲ್ಲೂ ಸ್ವಾಗತ ಭಾಷಣಗಳಲ್ಲೂ ಈ ಹೆಸರುಗಳಿಗೆ ಮೊದಲ ಸಾಲು. ಹೆಮ್ಮೆ ಸಹಜವಾದದ್ದೇ. ಆದರೆ ಈ ಮೂವರ ವಿದ್ವತ್ತು ಬೆಳೆದದ್ದು ಮೈಸೂರಿನ ವಿಶ್ವವಿದ್ಯಾನಿಲಯದ ಸುತ್ತ. 'ಇಂಗ್ಲಿಷ್ ಗೀತಗಳು' ಅಥವಾ 'ಭಾರತೀಯ ಕಾವ್ಯಮೀಮಾಂಸೆ' ಅರ್ಥವಾಗಲು ತುಮಕೂರಿನ ನೆಲವನ್ನು ತಿಳಿದಿರಬೇಕಾದ ಅಗತ್ಯವಿಲ್ಲ. ಇತ್ತ, ಆ ನೆಲವನ್ನು ಬಿಟ್ಟರೆ ಅರ್ಥವೇ ಆಗದ ಕೃತಿಗಳು ಕೆಲವಿವೆ. ಅವುಗಳ ಕರ್ತೃಗಳಿಗೆ ಪಟ್ಟಿಯಲ್ಲಿ ಸಿಗುವುದು ಒಂದು ಸಾಲು, ಹೆಚ್ಚೆಂದರೆ ಎರಡು. ಪಟ್ಟಿ ಮಾಡುವ ಈ ರೂಢಿ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನಿಜವಾದ ಸಾಹಿತ್ಯಸಾಧನೆಯನ್ನು ಮರೆಮಾಡಿದೆ ಎಂಬುದು ನನ್ನ ವಾದ. ಈ ಸೀಮೆಯವರು ಹಿಂದಿನವರ ಮಾತನ್ನು ಒಟ್ಟುಗೂಡಿಸಿ, ಮರುಜೋಡಿಸಿ, ಹೊಸ ಕೇಳುಗರ ಮುಂದೆ ಇಟ್ಟರು. ಸ್ವಂತ ಪ್ರತಿಭೆಯೊಂದನ್ನೇ ಅಳತೆಗೋಲಾಗಿ ಹಿಡಿದ ನಮ್ಮ ವಿಮರ್ಶೆಗೆ ಆ ಕೆಲಸವನ್ನು ತೂಗುವ ತಕ್ಕಡಿ ಇರಲಿಲ್ಲ.

ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಿಂದ ಆರಂಭಿಸಬಹುದು. ನಾಗಿನಿ ನದಿಯ ದಂಡೆಯ ತೋಟವೊಂದರಲ್ಲಿ ತಪಸ್ಸಿಗೆ ಕೂತದ್ದರಿಂದ ತೋಂಟದ ಸಿದ್ಧಲಿಂಗ ಯತಿ ಎಂಬ ಹೆಸರು ಬಂದಿತೆಂದು ಪರಂಪರೆ ಹೇಳುತ್ತದೆ. ಅವರ ಗದ್ದುಗೆ ಇರುವುದು ಪಕ್ಕದ ಎಡೆಯೂರಿನಲ್ಲಿ. ಸಿದ್ಧಲಿಂಗರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ 701 ವಚನಗಳಿವೆ. ಹನ್ನೆರಡನೆಯ ಶತಮಾನದ ಶರಣರಿಗೂ ಅವರಿಗೂ ನಡುವೆ ಮೂರು ಶತಮಾನಕ್ಕೂ ಮಿಕ್ಕ ಅಂತರ. ಅಷ್ಟರಲ್ಲಿ ವಚನ ರಚನೆ ಹೆಚ್ಚುಕಡಿಮೆ ಬತ್ತಿಹೋಗಿತ್ತು. ಬಸವಣ್ಣ, ಅಕ್ಕ ತಮ್ಮ ಅನುಭವದ ಬಿಸಿಯಲ್ಲಿ ಆಡಿದ ಮಾತನ್ನು ಸಿದ್ಧಲಿಂಗರು ಆರು ಸ್ಥಲಗಳ ಚೌಕಟ್ಟಿನಲ್ಲಿ, ಒಂದರ ಮುಂದೊಂದು ಮೆಟ್ಟಿಲಿಟ್ಟಂತೆ ಮತ್ತೆ ಆಡಿದರು. ಇಲ್ಲಿ ಅಲ್ಲಮನ ಬೆಡಗಿಲ್ಲ, ಅಕ್ಕನ ತಳಮಳವೂ ಇಲ್ಲ. ಒಂದೊಂದೇ ವಚನವನ್ನು ಬಿಡಿಸಿ ಓದಿದವರಿಗೆ ಬೋಧನೆಯ ಭಾರ ಕಾಣಿಸುವುದು ನಿಜ. ಆದರೆ 701ನ್ನೂ ಒಂದು ಕಟ್ಟಡವೆಂದು ಓದಿದರೆ, ಚದುರಿಹೋಗಿದ್ದ ಪರಂಪರೆಯೊಂದಕ್ಕೆ ವ್ಯಾಕರಣ ಬರೆಯುವ ಪ್ರಯತ್ನ ಎದ್ದುಕಾಣುತ್ತದೆ. ಸ್ವತಂತ್ರ ಸಿದ್ಧಲಿಂಗ, ಘನಲಿಂಗಿದೇವರಂಥ ಶಿಷ್ಯರು ವಚನ ಬರೆಯಲು ಮುಂದಾದದ್ದು ಈ ವ್ಯಾಕರಣ ಕೈಗೆ ಸಿಕ್ಕಿದ ಮೇಲೆ. ಕಗ್ಗೆರೆಯ ತೋಟ ಇಲ್ಲದಿದ್ದರೆ ವಚನದ ಎರಡನೆಯ ಹುಟ್ಟು ಇಷ್ಟು ಗಟ್ಟಿಯಾಗಿ ಆಗುತ್ತಿರಲಿಲ್ಲ.

ಆ ಕೆಲಸದ ಶಿಖರ ಶೂನ್ಯಸಂಪಾದನೆ. ಅದರ ನಾಲ್ಕು ರೂಪಗಳಲ್ಲಿ ಮೊದಲನೆಯದು ಶಿವಗಣಪ್ರಸಾದಿ ಮಹಾದೇವಯ್ಯನದು, ಎರಡನೆಯದು ಹಲಗೆಯಾರ್ಯನದು. ಮೂರನೆಯದನ್ನು ಕಟ್ಟಿದ ಗುಮ್ಮಳಾಪುರದ ಸಿದ್ಧಲಿಂಗ ತೋಂಟದ ಸಿದ್ಧಲಿಂಗರ ಶಿಷ್ಯ. ನಾಲ್ಕನೆಯದು ಗೂಳೂರು ಸಿದ್ಧವೀರಣ್ಣೊಡೆಯನದು. ಅವನೂ ಎಡೆಯೂರಿನ ಶಿಷ್ಯಪರಂಪರೆಗೆ ಸೇರಿದವನು, ಗೂಳೂರು ತುಮಕೂರಿನ ಮಗ್ಗುಲ ಊರು. ಇಂದು ಶೂನ್ಯಸಂಪಾದನೆ ಎಂದರೆ ಜನ ಓದುವುದು ಹೆಚ್ಚಾಗಿ ಈ ಗೂಳೂರಿನ ಪಾಠವನ್ನು. ಫ.ಗು.ಹಳಕಟ್ಟಿಯವರು ಅಚ್ಚಿಗೆ ತಂದದ್ದು, ಸಂ.ಶಿ.ಭೂಸನೂರಮಠರು ಪರಿಷ್ಕರಿಸಿದ್ದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು, ಎಲ್ಲವೂ ಇದನ್ನೇ. ಬೇರೆ ಬೇರೆ ಶರಣರು ಬೇರೆ ಬೇರೆ ಗಳಿಗೆಯಲ್ಲಿ ಆಡಿದ ವಚನಗಳನ್ನು ಸಂವಾದವಾಗಿ ಎದುರುಬದುರು ಕೂರಿಸಿ, ನಡುನಡುವೆ ಗದ್ಯದ ಕೊಂಡಿ ಹಾಕಿ, ಅಲ್ಲಮನನ್ನು ಕೇಂದ್ರದಲ್ಲಿ ನಿಲ್ಲಿಸಿದ ಈ ಕೃತಿಯಲ್ಲಿ ಸಂಪಾದಕನ ಸ್ವಂತ ಮಾತು ಬಹಳ ಕಡಿಮೆ. ಅಕ್ಕಮಹಾದೇವಿ ಅನುಭವಮಂಟಪಕ್ಕೆ ಬಂದಾಗ ಅಲ್ಲಮ ಕೇಳುವ ಪ್ರಶ್ನೆಗಳೂ ಅವಳ ಉತ್ತರಗಳೂ ನಮ್ಮ ಮನಸ್ಸಿನಲ್ಲಿ ಇಂದು ಒಂದು ದೃಶ್ಯವಾಗಿ ನಿಂತಿವೆ. ಆ ದೃಶ್ಯ ಹನ್ನೆರಡನೆಯ ಶತಮಾನದಿಂದ ನೇರವಾಗಿ ಬಂದದ್ದಲ್ಲ, ಈ ಸಂಪಾದಕರು ಕಟ್ಟಿದ್ದು. ಇಷ್ಟು ಸೂಕ್ಷ್ಮವಾದ ನಾಟಕಪ್ರಜ್ಞೆ ಇರುವವನನ್ನು ಬರೀ ಸಂಕಲನಕಾರ ಎನ್ನುವುದು ಅನ್ಯಾಯ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ವಚನವನ್ನು ಅದರ ಮೂಲ ಸಂದರ್ಭದಿಂದ ಕಿತ್ತು ಇನ್ನೊಂದು ಸಂದರ್ಭಕ್ಕೆ ಹಚ್ಚುವುದು ಚರಿತ್ರೆಗೆ ಮಾಡುವ ಮೋಸವಲ್ಲವೇ? ಆಕ್ಷೇಪದಲ್ಲಿ ಸತ್ಯವಿದೆ, ಸಿದ್ಧರಾಮನ ಪ್ರಸಂಗವೇ ಅದಕ್ಕೆ ಸಾಕ್ಷಿ. ಮೊದಲ ಸಂಪಾದನೆಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಗುವ ಕಥೆ ಇಲ್ಲ. ಹಲಗೆಯಾರ್ಯ ಅದನ್ನು ಕೊರತೆಯೆಂದು ಎಣಿಸಿ, ಚೆನ್ನಬಸವಣ್ಣನಿಂದ ದೀಕ್ಷೆ ಕೊಡಿಸಿದ. ಮುಂದಿನವರು ಅದನ್ನೇ ಉಳಿಸಿಕೊಂಡರು. ಇಲ್ಲಿ ಮತದ ಅಗತ್ಯ ಕಾವ್ಯದ ಅಗತ್ಯವನ್ನು ಗೆದ್ದಿದೆ. ಕೆರೆ ತೋಡಿಸುತ್ತಲೇ ಸಿದ್ಧಿಗೆ ಹತ್ತಿರವಾಗಿದ್ದ ಸೊನ್ನಲಿಗೆಯ ಯೋಗಿ ದೀಕ್ಷೆಯ ಚೌಕಟ್ಟಿಗೆ ಸಿಕ್ಕಿದ ಮೇಲೆ ಎಷ್ಟೋ ಸಣ್ಣವನಾಗುತ್ತಾನೆ. ಗೂಳೂರಿನ ಪಾಠವನ್ನು ಮೆಚ್ಚುವವರು ಈ ನಷ್ಟವನ್ನು ಒಪ್ಪಲೇಬೇಕು. ಆದರೆ ಈ ಒಂದು ತಿದ್ದುಪಡಿ ಇನ್ನೊಂದನ್ನೂ ತೋರಿಸಿಕೊಡುತ್ತದೆ: ಇವರು ಕಣ್ಣು ಮುಚ್ಚಿ ನಕಲು ಮಾಡಿದವರಲ್ಲ, ಹಿಂದಿನ ಪಾಠದೊಂದಿಗೆ ಜಗಳವಾಡಿ ಹೊಸ ಪಾಠ ಕಟ್ಟಿದವರು. ತಪ್ಪು ತೀರ್ಮಾನವೂ ತೀರ್ಮಾನವೇ, ಅದನ್ನು ವಿಮರ್ಶೆ ಎದುರಿಸಬೇಕಾದದ್ದು ಕೃತಿಕಾರನ ಆಯ್ಕೆಯೆಂದು.

ಗುಬ್ಬಿಯಲ್ಲಿ ಇದೇ ಕೆಲಸ ಷಟ್ಪದಿಗೆ ಇಳಿಯಿತು. ಮೊದಲು ಅಲ್ಲಿಯ ಮಲ್ಲಣ್ಣ 'ಗಣಭಾಷ್ಯ ರತ್ನಮಾಲೆ'ಯಲ್ಲಿ ಶರಣರ ವಚನಗಳನ್ನು ಒಟ್ಟುಗೂಡಿಸಿದ. ಆಮೇಲೆ ಬಂದ ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ 'ಭಾವಚಿಂತಾರತ್ನ'ವನ್ನೂ 1530ರಲ್ಲಿ 'ವೀರಶೈವಾಮೃತ ಮಹಾಪುರಾಣ'ವನ್ನೂ ಬರೆದ. ಎರಡನೆಯದು ಶಿವಲೀಲೆ, ಪುರಾತನರ ಕಥೆ, ಆಚಾರ ಎಲ್ಲವನ್ನೂ ಒಂದೇ ಕಡೆ ಸೇರಿಸಿದ ಬೃಹತ್ ಕೋಶ. ಅದನ್ನು ಕಾವ್ಯವೆಂದು ಮೊದಲಿನಿಂದ ಕೊನೆಯವರೆಗೆ ಓದುವುದು ಕಷ್ಟ, ಹಾಗೆ ಓದಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಬೇಕಾದ ಕಥೆಯನ್ನು ಹುಡುಕಿ ತೆಗೆದು ಪ್ರವಚನ ಮಾಡಲು ಅದು ಕಟ್ಟಿದ ಗ್ರಂಥ. ಮೊದಲನೆಯದರ ಮಾತೇ ಬೇರೆ. ತಮಿಳು ಮೂಲದಿಂದ ಬಂದ ಸತ್ಯೇಂದ್ರ ಚೋಳನ ಕಥೆ ಅದು: ರಾಜಕುಮಾರನ ಕುದುರೆಗೆ ಸಿಕ್ಕಿ ಬಡ ತಾಯಿಯೊಬ್ಬಳ ಮಗು ಸಾಯುತ್ತದೆ, ತಂದೆಯಾದ ದೊರೆ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಪಂಚಾಕ್ಷರಿಯ ಮಹಿಮೆ ಹೇಳುವುದು ಕವಿಯ ಉದ್ದೇಶವಾದರೂ ನ್ಯಾಯ ಮತ್ತು ಕರುಳಿನ ನಡುವಿನ ಎಳೆದಾಟ ಕಥೆಯನ್ನು ಹಿಡಿದು ನಿಲ್ಲಿಸಿದೆ. ಈ ಕಥೆಯನ್ನೇ 17ನೆಯ ಶತಮಾನದಲ್ಲಿ ಷಡಕ್ಷರದೇವ ಎತ್ತಿಕೊಂಡು 'ರಾಜಶೇಖರ ವಿಳಾಸ'ವೆಂಬ ಚಂಪುವಾಗಿ ಬರೆದ. ಮಗು ಸತ್ತ ತಾಯಿಯ ಗೋಳಾಟ ಅವನ ಕೈಯಲ್ಲಿ ಕನ್ನಡದ ಅತ್ಯಂತ ಪ್ರಸಿದ್ಧ ಶೋಕಭಾಗಗಳಲ್ಲೊಂದಾಯಿತು. ನಮ್ಮ ಪಠ್ಯಗಳು ಷಡಕ್ಷರಿಯನ್ನು ನೆನೆದು ಮಲ್ಲಣಾರ್ಯನನ್ನು 'ಆಕರ' ಎಂಬ ಅಡಿಟಿಪ್ಪಣಿಗೆ ತಳ್ಳಿವೆ. ಶೈಲಿಯ ಬೆಡಗಿನಲ್ಲಿ ಷಡಕ್ಷರಿ ದೊಡ್ಡವನು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಥೆಯನ್ನು ಗಡಿಯಾಚೆಯಿಂದ ತಂದು, ಕನ್ನಡದ ಕಿವಿಗೆ ಒಗ್ಗಿಸಿ, ಒಂದೂವರೆ ಶತಮಾನ ಬಾಳುವಂತೆ ಮಾಡಿದವನ ಕೆಲಸ ಮೂಲಸಾಮಗ್ರಿ ಒದಗಿಸುವುದಷ್ಟೇ ಆಗಿತ್ತೆಂದರೆ ಒಪ್ಪಲಾರೆ.

ಈ ಸಂಕಲನದ ಹುರುಪು ವಿಜಯನಗರದ್ದು, ಪ್ರೌಢದೇವರಾಯನ ಕಾಲದ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರದ್ದು. ಕುಣಿಗಲ್ ಗುಬ್ಬಿಗಳಿಗೆ ಇದರಲ್ಲೇನು ವಿಶೇಷ ಎಂದು ಕೇಳಬಹುದು. ಹುರುಪು ಅಲ್ಲಿಯದೇ. ಅರಮನೆಯ ಆಸರೆಯಲ್ಲಿ ಹುಟ್ಟಿದ್ದು ಇಲ್ಲಿ ತೋಟಕ್ಕೆ, ಮಠಕ್ಕೆ, ಸಂತೆಯ ಊರಿಗೆ ಬಂತು ಎಂಬುದು ವಿಶೇಷ. ದಂಡನಾಯಕನ ಬದಲು ಶಿಷ್ಯರೂ ಭಕ್ತರೂ ಪೋಷಕರಾದರು. ಆದ್ದರಿಂದಲೇ ಸಾಮ್ರಾಜ್ಯ ಮುರಿದುಬಿದ್ದ ಮೇಲೂ ಓದು ನಿಲ್ಲಲಿಲ್ಲ. ಊರನ್ನು ಆಧಾರವಾಗಿ ಹಿಡಿದು ಸಾಹಿತ್ಯಚರಿತ್ರೆ ಬರೆಯುವುದು ಸಂಕುಚಿತವೆನ್ನುವವರು ಫಿಲಿಪ್ಪೀನ್ಸಿನ ಸೆಬುವಾನೊ ಸಾಹಿತ್ಯದ ಕಡೆ ನೋಡಬೇಕು. ರಾಜಧಾನಿ ಮನಿಲಾದ ತಗಾಲೊಗ್ ಮತ್ತು ಇಂಗ್ಲಿಷಿನ ನೆರಳಿನಲ್ಲಿದ್ದ ಆ ಭಾಷೆಯ ಚರಿತ್ರೆ ಬರೆಯಲು ಸೆಬು ನಗರದ ಸಾನ್ ಕಾರ್ಲೋಸ್ ವಿಶ್ವವಿದ್ಯಾನಿಲಯ 1975ರಲ್ಲಿ ಅಧ್ಯಯನ ಕೇಂದ್ರವನ್ನೇ ತೆರೆಯಿತು. ರೆಸಿಲ್ ಮೊಹಾರೆಸ್‌ರಂಥ ವಿದ್ವಾಂಸರು ವಾರಪತ್ರಿಕೆಗಳ ಕಥೆಗಳ ಜೊತೆಗೆ, ಗಂಡುಹೆಣ್ಣು ಸ್ಥಳದಲ್ಲೇ ಕಟ್ಟಿ ಹಾಡುವ ಬಲಿತಾವ್ ಸಂವಾದಗೀತೆಯನ್ನೂ ಸಾಹಿತ್ಯವೆಂದೇ ಓದಿದರು. ನಮ್ಮದು ಪ್ರತ್ಯೇಕ ಭಾಷೆಯಲ್ಲ, ಕನ್ನಡದ ಒಳಗಿನ ಒಂದು ಸೀಮೆ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಆದರೂ ಕೇಂದ್ರದ ಅಳತೆಗೋಲನ್ನು ಬಿಟ್ಟು ಸ್ಥಳದ ರೂಪಗಳನ್ನು ಅವುಗಳ ಬಳಕೆಯಿಂದಲೇ ಅಳೆಯುವ ಧೈರ್ಯ ಅವರಿಂದ ಕಲಿಯುವಂಥದ್ದು.

ಆ ಧೈರ್ಯ ಬೇಕಾಗುವುದು ಗುಬ್ಬಿ ಕಂಪನಿಯ ಮುಂದೆ ನಿಂತಾಗ. 1884ರಲ್ಲಿ ಚಂದಣ್ಣನವರೂ ಗೆಳೆಯರೂ ಕಟ್ಟಿದ ನಾಟಕ ಸಂಘ ಇಟ್ಟುಕೊಂಡದ್ದು ಚನ್ನಬಸವೇಶ್ವರನ ಹೆಸರನ್ನು. ಗುಬ್ಬಿಯ ಗುಡಿಯ ಗೋಸಲ ಚನ್ನಬಸವೇಶ್ವರನ ಹೆಸರು ತೋಂಟದ ಸಿದ್ಧಲಿಂಗರ ಗುರುವಿನ ಹೆಸರೂ ಹೌದು. ಹಾಗಾಗಿ ಎಡೆಯೂರಿನಿಂದ ರಂಗಮಂಟಪಕ್ಕೆ ನೆಲದಲ್ಲೇ ಒಂದು ದಾರಿ ಇದೆ. ಮಲ್ಲಣಾರ್ಯನಿಂದ ಗುಬ್ಬಿ ವೀರಣ್ಣನವರಿಗೆ ನೇರ ವಂಶಾವಳಿ ಎಳೆಯುವುದು ನನ್ನ ಉದ್ದೇಶವಲ್ಲ, ನಡುವೆ ಮೂರೂವರೆ ಶತಮಾನ ಬಿದ್ದಿದೆ. ಸಾಮ್ಯ ಇರುವುದು ಕೆಲಸದ ರೀತಿಯಲ್ಲಿ. ಜನಕ್ಕೆ ಗೊತ್ತಿರುವ ಕಥೆ ಎತ್ತಿಕೊಂಡು, ಅದರ ಕೊಂಡಿಗಳನ್ನು ಹೊಸದಾಗಿ ಬೆಸೆದು, ಕೇಳುಗನ ಎದುರು ಮತ್ತೆ ನಡೆಸುವುದು. ತುಮಕೂರಿನ ಹತ್ತಿರದ ಬೆಳ್ಳಾವಿಯ ನರಹರಿಶಾಸ್ತ್ರಿಗಳು 'ಕೃಷ್ಣಲೀಲಾ', 'ಸದಾರಮೆ' ನಾಟಕಗಳನ್ನು ಬರೆದದ್ದು ಹೀಗೆ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' (1934)ದ ಬರವಣಿಗೆಯೂ ಅವರದೇ. ಸದಾರಮೆಯ ಕಳ್ಳನ ಪಾತ್ರವನ್ನು ವೀರಣ್ಣನವರು ಹಾಸ್ಯದಿಂದ ಬೆಳೆಸಿದ ಪರಿಯಲ್ಲಿ ಮುದ್ರಿತ ಪಠ್ಯ ಒಂದು ಹಂದರ ಮಾತ್ರ, ಉಳಿದದ್ದು ಆ ರಾತ್ರಿಯ ಪ್ರೇಕ್ಷಕರೊಂದಿಗೆ ಕೂಡಿ ಬರೆದದ್ದು.

ಕಂಪನಿ ನಾಟಕ ವ್ಯಾಪಾರ, ಅದು ಸಾಹಿತ್ಯವಲ್ಲ ಎಂಬ ತೀರ್ಪು ಕೈಲಾಸಂ, ಶ್ರೀರಂಗರ ಕಾಲದಿಂದಲೂ ಕೇಳಿಬರುತ್ತಿದೆ. ಪುಟದ ಮೇಲೆ ಓದಿದರೆ ಆ ನಾಟಕಗಳು ಸೊರಗಿ ಕಾಣುತ್ತವೆ, ನಿಜ. 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬಂದದ್ದನ್ನು ಜನ ನೆನೆಯುತ್ತಾರೆ, ಬಿ.ಪುಟ್ಟಸ್ವಾಮಯ್ಯನವರ ಮಾತುಗಳನ್ನು ನೆನೆಯುವವರು ಕಡಿಮೆ. ವೈಭವ ಮಾತನ್ನು ನುಂಗಿದ್ದು ಕಂಪನಿಯ ದೌರ್ಬಲ್ಯವೇ. ಆದರೆ ಟಿಕೆಟ್ಟು ಮಾರಿ ಬದುಕಿದ್ದೇ ಕೊರತೆಯೆಂದರೆ ದಕ್ಷಿಣೆಗೆ ಪುರಾಣ ಓದಿದ ಗಮಕಿಗಳನ್ನೂ ಹೊರಗಿಡಬೇಕಾಗುತ್ತದೆ. ಊರೂರಿನಲ್ಲಿ ಡೇರೆ ಹಾಕಿ, ಅಕ್ಷರ ಬಾರದವರಿಗೂ ಪದ್ಯ, ಕಂದ, ಸಂವಾದಗಳ ರುಚಿ ಹತ್ತಿಸಿದ ಸಂಘವದು. ಬಿ.ಜಯಮ್ಮನವರಂಥ ನಟಿಯರು ಅಲ್ಲಿ ಬೆಳಗಿದರು, ಬಾಲಕ ಬಿ.ವಿ.ಕಾರಂತರು ಅಲ್ಲಿ ಕಲಿತರು. ಆಧುನಿಕ ಕನ್ನಡ ರಂಗಭೂಮಿ ತಾನು ವಿರೋಧಿಸಿದ್ದರಿಂದಲೇ ಹಾಡನ್ನೂ ತಾಳವನ್ನೂ ಪಡೆಯಿತು.

ನನ್ನ ವಾದಕ್ಕೆ ಅತಿ ಬಿಗಿಯಾದ ಆಕ್ಷೇಪ ಇವೆಲ್ಲಕ್ಕಿಂತ ಬೇರೆ. ಕಗ್ಗೆರೆ, ಗೂಳೂರು, ಗುಬ್ಬಿ ಎಂದು ಹೇಳಿದ್ದು ಬಹುಮಟ್ಟಿಗೆ ಒಂದೇ ಮತದ, ಮಠದ ಆಸರೆಯಿದ್ದ ಬರಹವನ್ನು. ಗುಬ್ಬಿ, ಶಿರಾ ಕಡೆಯ ಕಾಡುಗೊಲ್ಲರು ಉದ್ದನೆಯ ಗಣೆ ಊದುತ್ತ ಜುಂಜಪ್ಪನ ಮಹಾಕಥನ ಹಾಡುವಾಗ, ಕುಣಿಗಲ್ ಕೆರೆಯ ಜನಪದ ಗೀತೆ ನಾಡಿನ ಬಾಯಲ್ಲಿ ಹರಡಿದಾಗ, ಆ ಕೂಡಿಕೆ ಯಾವ ಓಲೆಗರಿಗೂ ಇಳಿಯಲಿಲ್ಲ. ಸಂಕಲಿಸುವ ಅಧಿಕಾರ ಯಾರ ಕೈಲಿತ್ತು ಎಂಬ ಪ್ರಶ್ನೆಯನ್ನು ಈ ಪರಂಪರೆ ತನಗೆ ತಾನು ಕೇಳಿಕೊಂಡಿರಲಿಲ್ಲ. ಕೇಳಿದ್ದು ನಮ್ಮ ಕಾಲದಲ್ಲಿ, ತುಮಕೂರಿನಲ್ಲೇ. ದಲಿತ ಚಳವಳಿಯ ಕೆ.ಬಿ.ಸಿದ್ದಯ್ಯನವರು 'ಬಕಾಲ', 'ದಕ್ಲಕಥಾದೇವಿಕಾವ್ಯ', 'ಅನಾತ್ಮ', 'ಗಲ್ಲೇಬಾನಿ' ಎಂಬ ಖಂಡಕಾವ್ಯಗಳನ್ನು ಬರೆದರು. ಮಾದಿಗರ ಕುಲಕಥನ ಹೇಳುವ ದಕ್ಕಲರ ಮಾತು, ಬುದ್ಧನ ಅನಾತ್ಮ, ಅಲ್ಲಮನ ಬಯಲು ಅವರಲ್ಲಿ ಎದುರುಬದುರು ಕೂರುತ್ತವೆ, ಕೆ.ಪಿ.ಲಕ್ಷ್ಮಣ ಅವರ ನಿರ್ದೇಶನದಲ್ಲಿ ದಕ್ಲಕಥಾದೇವಿಕಾವ್ಯ ರಂಗಕ್ಕೂ ಬಂತು. ಅದೇ ಸೀಮೆಯ ನಟರಾಜ ಬೂದಾಳು ಸಿದ್ಧಕವಿ ಸರಹಪಾದನನ್ನು ಕನ್ನಡಕ್ಕೆ ತಂದು ಅಲ್ಲಮನ ಓದಿಗೆ ಬೌದ್ಧ ದಾರಿಯೊಂದನ್ನು ತೆರೆದರು. ಗೂಳೂರಿನ ಸಿದ್ಧವೀರಣ್ಣೊಡೆಯ ಸಿದ್ಧರಾಮನಿಗೆ ದೀಕ್ಷೆಯಿಲ್ಲದೆ ಪ್ರವೇಶವಿಲ್ಲವೆಂದ ಕಥೆಯನ್ನು ಉಳಿಸಿಕೊಂಡ. ಸಿದ್ದಯ್ಯನವರು ಅದೇ ಮಂಟಪಕ್ಕೆ ದಕ್ಕಲರನ್ನು ದೀಕ್ಷೆಯ ಮಾತೆತ್ತದೆ ಕರೆತಂದರು. ಈ ಎರಡು ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ವಿಮರ್ಶೆ ಜಿಲ್ಲೆಯ ಸಾಹಿತ್ಯಚರಿತ್ರೆಗಳಲ್ಲಿ ಇನ್ನೂ ಬರೆಯಬೇಕಾಗಿರುವ ಅಧ್ಯಾಯ.