ಸಲ್ಕಿಗಾಡಿಗೆ ತಕ್ಕ ನೆಲ

ಕುದುರೆಯ ನಡೆಗಳಲ್ಲೆಲ್ಲ ಟ್ರಾಟ್ ಎಂಬುದು ಬಲ್ಲವರ ಕಣ್ಣಿಗೆ ಅತ್ಯಂತ ರಮಣೀಯವಾದುದು. ಬಲಮುಂಗಾಲಿನೊಡನೆ ಎಡಹಿಂಗಾಲೂ, ಎಡಮುಂಗಾಲಿನೊಡನೆ ಬಲಹಿಂಗಾಲೂ ಜೊತೆಗೂಡಿ ಎದ್ದಿಳಿಯುವಾಗ ಉಂಟಾಗುವ ಆ ಎರಡು ಪೆಟ್ಟಿನ ತಾಳವನ್ನು, ಒಬ್ಬನೇ ಕೂರಬಲ್ಲ ಎರಡು ಗಾಲಿಯ ಹಗುರವಾದ ಸಲ್ಕಿಗಾಡಿಯನ್ನೆಳೆಯುತ್ತ, ನಾಗಾಲೋಟಕ್ಕೆ ಜಾರದೆ, ಕೊನೆಯವರೆಗೂ ಕಾಯ್ದುಕೊಳ್ಳುವುದೇ ಈ ಪಂದ್ಯದ ಸಾರಸರ್ವಸ್ವ. ತಾಳ ತಪ್ಪಿದ ಕುದುರೆಯನ್ನು ಸಾರಥಿಯು ಲಗಾಮು ಬಿಗಿದು ಮರಳಿ ನಡೆಗೆ ತರತಕ್ಕದ್ದು. ಆ ನಡುವೆ ಒಂದು ಮಾರೂ ಮುಂದೊತ್ತಕೂಡದು.

ಈ ವಿನೋದವು ಬೆಳೆದದ್ದು ಹಾದಿಯ ಮೇಲೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನ ಥರ್ಡ್ ಅವೆನ್ಯೂ, ಹಾರ್ಲೆಮ್ ಲೇನುಗಳಲ್ಲಿ ಗಾಡಿಕುದುರೆಗಳನ್ನು ಪಂಥ ಕಟ್ಟಿ ಓಡಿಸುತ್ತಿದ್ದರು. ಪಂದ್ಯವು ಕ್ರಮೇಣ ಮಣ್ಣಿನ ಓಟದಂಗಳಕ್ಕೆ ಸರಿಯಿತು. 1870ರಲ್ಲಿ ನಿಯಮಗಳನ್ನು ಏಕರೂಪಗೊಳಿಸಲು ಸಂಘವೊಂದು ಹುಟ್ಟಿತು. 1879ರಲ್ಲಿ, ಟ್ರಾಟ್ ನಡೆಯಲ್ಲಿ ಮೈಲಿಯನ್ನು 2 ನಿಮಿಷ 30 ಸೆಕೆಂಡಿನೊಳಗೆ ಮುಗಿಸುವುದೇ ವಂಶಾವಳಿಗೆ ಸೇರುವ ಪ್ರಮಾಣವೆಂದು ಗೊತ್ತಾಯಿತು. ಸ್ಟ್ಯಾಂಡರ್ಡ್‌ಬ್ರೆಡ್ ತಳಿಗೆ ಹೆಸರು ಬಂದದ್ದು ಆ ಪ್ರಮಾಣದಿಂದಲೇ. ಕಟ್ಟುಪಾಡು ಕ್ರೀಡೆಯನ್ನು ಕೊಲ್ಲುತ್ತದೆಂಬವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅದೇ ತಳಿಯ ಕುದುರೆಗಳು ಇಂದು ಐರ್ಲೆಂಡಿನ ಡಾಂಬರು ರಸ್ತೆಗಳ ಮೇಲೆ, ಬೆಳಗಿನ ಜಾವದಲ್ಲಿ, ಹಿಂದೆಯೂ ಪಕ್ಕದಲ್ಲಿಯೂ ಮೋಟಾರುಗಳ ಹಿಂಡನ್ನು ಕಟ್ಟಿಕೊಂಡು ಓಡುತ್ತಿರುವುದು ನನಗೆ ಅಸಹ್ಯವಾದ ಸಂಗತಿ. ಡಾಂಬರು ಬಾಗದು. ಲಾಳ ಬಡಿದಾಗಲೆಲ್ಲ ಆಘಾತವು ಗೊರಸಿನಿಂದ ಕೀಲಿಗೆ, ಕೀಲಿನಿಂದ ಮೂಳೆಗೆ ಏರುತ್ತದೆ. ಎಲುಬು ಬಲಿಯದ ಎಳೆಯ ಕುದುರೆಗೆ ಅದು ಆಜನ್ಮದ ಕುಂಟನ್ನು ತರಬಲ್ಲದು. ಅಲ್ಲಿಯ 1996ರ ಕಾಯಿದೆಯು ಕುದುರೆ ಸಾಕಲು ಪರವಾನಗಿ ಬೇಕಾದ ಪ್ರದೇಶಗಳನ್ನು ಗೊತ್ತುಮಾಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗಿತ್ತಿದೆ. 2013ರ ಕಾಯಿದೆಯು ಹಿಂಸೆಯನ್ನು ಶಿಕ್ಷಿಸುತ್ತದೆ. ಆದರೆ ಈ ಓಟಗಳಲ್ಲಿ ತೊಡಗುವ ಅಲ್ಲಿಯ ಅಲೆಮಾರಿ ಟ್ರಾವೆಲರ್ ಜನರಿಗೆ ಕುದುರೆಯೆಂಬುದು ಪರಂಪರಾಗತವಾದ ಅಭಿಮಾನ. ಅವರ ಕೈಗೆಟಕುವ ಶುಲ್ಕದ ಮಣ್ಣಿನ ಅಂಗಳವನ್ನು ಒದಗಿಸದೆ ಬರಿಯ ನಿಷೇಧವನ್ನು ಹೊರಡಿಸಿದರೆ, ಪಂದ್ಯವು ಇನ್ನೂ ಕತ್ತಲಿನ ಹೊತ್ತಿಗೆ, ಇನ್ನೂ ದೂರದ ರಸ್ತೆಗೆ ಸರಿಯುವುದಷ್ಟೆ.

ನಮ್ಮ ಬೆಳಗಾವಿ ಸೀಮೆಯ ಕುದುರೆಗಾಡಿ ಶರ್ಯತ್ತಿಗೂ ಈ ಮಾತು ಸಲ್ಲುತ್ತದೆ. ಪ್ರಾಣಿಹಿಂಸೆ ತಡೆ ಕಾಯಿದೆಗೆ ಕರ್ನಾಟಕ ತಂದ 2017ರ ತಿದ್ದುಪಡಿಯು, ವಿನಾಯಿತಿ ಕೊಡುವಾಗ, ಕಂಬಳವನ್ನೂ ಎತ್ತಿನ ಗಾಡಿಯ ಓಟವನ್ನೂ ಹೆಸರಿಸಿತು, ಕುದುರೆಯನ್ನು ಹೆಸರಿಸಲಿಲ್ಲ.

ರಸ್ತೆಯಲ್ಲಿಯೇ ನಡೆಸಬೇಕೆಂಬ ಹಟವಿದ್ದರೆ, ಮುಂಗಡ ಅಪ್ಪಣೆಯಿರಲಿ; ಅನ್ಯವಾಹನಗಳು ಪೂರ್ಣವಾಗಿ ತಡೆಯಲ್ಪಡಲಿ; ಕುದುರೆಯ ವಯಸ್ಸನ್ನು ಹಲ್ಲು ನೋಡಿ ನಿರ್ಣಯಿಸಲಿ. ಇವೆಲ್ಲಕ್ಕೂ ಮೊದಲು ನಾನು ಬರೆಸುವ ನಿಯಮ ಒಂದುಂಟು: ಪಂದ್ಯದ ಮರುದಿನ ಪಶುವೈದ್ಯನು ಕುದುರೆಯ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವನ್ನು ಬೆರಳಿನಿಂದ ಒತ್ತಿ, ಕಾವೂ ಊತವೂ ಇಲ್ಲವೆಂದು ಖಚಿತಪಡಿಸಿಕೊಂಡ ಹೊರತು ಬಹುಮಾನದ ಹಣವನ್ನು ಕೊಡಕೂಡದು, ಏಕೆಂದರೆ ಆ ರಜ್ಜುವಿಗಾದ ಗಾಯವು ಓಟದ ಭರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.