ಬೆಂಬಲಿತ ಎಂಬ ಬೇನಾಮಿ

ಗ್ರಾಮ ಪಂಚಾಯ್ತಿ ಮತ ಎಣಿಕೆಯ ಮರುದಿನ ಪತ್ರಿಕೆ ಬಿಡಿಸಿದರೆ ಒಂದು ಪದ ಕಣ್ಣಿಗೆ ಬೀಳದೆ ಇರುವುದಿಲ್ಲ: 'ಬೆಂಬಲಿತ'. ಬಿಜೆಪಿ ಬೆಂಬಲಿತರು ಇಷ್ಟು, ಕಾಂಗ್ರೆಸ್ ಬೆಂಬಲಿತರು ಅಷ್ಟು. 2020ರ ಡಿಸೆಂಬರ್ 22 ಮತ್ತು 27ರಂದು ಮತದಾನ ಮುಗಿದು 30ರಂದು ಎಣಿಕೆಗೆ ಕೂತಾಗಲೂ ಹೀಗೇ ಆಯಿತು. ಬೀದರ್ ಜಿಲ್ಲೆಯೊಂದನ್ನು ಬಿಟ್ಟರೆ ಎಲ್ಲ ಕಡೆ ಕಾಗದದ ಮತಪತ್ರ. ಎಣಿಕೆ ರಾತ್ರಿಯವರೆಗೂ ಎಳೆಯಿತು. ಪಕ್ಷಗಳು ಮಾತ್ರ ಗೆಲುವಿನ ಲೆಕ್ಕ ಹೇಳಲು ಅಷ್ಟು ಹೊತ್ತು ಕಾಯಲಿಲ್ಲ. ಆ ಲೆಕ್ಕ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವ ದಾರಿ ಯಾರಿಗೂ ಇರಲಿಲ್ಲ. ಮತಪತ್ರದಲ್ಲಿ ಪಕ್ಷವೇ ಇರಲಿಲ್ಲವಲ್ಲ!

ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷರಹಿತವಾಗಿ ನಡೆಯಬೇಕೆಂಬುದು ನಮ್ಮ ರಾಜ್ಯದ ಕಾನೂನು. ಕಮಲವಿಲ್ಲ, ಕೈ ಇಲ್ಲ; ಆಟೋ, ಟಿವಿ, ಹೊಲಿಗೆ ಯಂತ್ರದಂಥ ಚಿಹ್ನೆಗಳು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಠೇವಣಿ ಸಾಮಾನ್ಯರಿಗೆ 200 ರೂಪಾಯಿ, ಮೀಸಲು ವರ್ಗಕ್ಕೆ 100. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಚುನಾವಣೆ ಇನ್ನೊಂದಿಲ್ಲ. ಟಿಕೆಟ್ಟಿಗಾಗಿ ಬೆಂಗಳೂರಿಗೆ ಓಡುವ ಹಂಗಿಲ್ಲ. ಆಳಂದ ತಾಲ್ಲೂಕಿನ ಭೂಸನೂರಿನಂಥ ಊರಿನಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಹೋಗುವ ಹೆಣ್ಣುಮಗಳೂ ನಾಮಪತ್ರ ಹಾಕಬಹುದು. ಅವಳಿಗೆ ಓಟು ಹಾಕುವವರು ಅವಳ ಮುಖ ನೋಡಿಯೇ ಹಾಕಬಹುದು.

ಈ ಚೆಂದವನ್ನು ಮೊದಲು ಒಪ್ಪಿಕೊಂಡೇ ವಿಮರ್ಶೆಗೆ ಇಳಿಯಬೇಕು. ಪಕ್ಷರಹಿತ ಎಂಬುದು ಬರೀ ಬೂಟಾಟಿಕೆ, ಚಿಹ್ನೆ ಕೊಟ್ಟುಬಿಡಿ ಎನ್ನುವವರು ಆಳಂದ ತಾಲ್ಲೂಕನ್ನು ಒಮ್ಮೆ ನೋಡಬೇಕು. ಇಲ್ಲಿ ದಶಕಗಳಿಂದ ಪೈಪೋಟಿ ಇಬ್ಬರದು: ಬಿ.ಆರ್. ಪಾಟೀಲ, ಸುಭಾಷ ಗುತ್ತೇದಾರ. 2013ರಲ್ಲಿ ಪಾಟೀಲರು ಕೆಜೆಪಿಯಿಂದ ಗೆದ್ದರು, ಗುತ್ತೇದಾರರು ಜೆಡಿಎಸ್‌ನಲ್ಲಿದ್ದರು. 2018ರ ಹೊತ್ತಿಗೆ ಪಾಟೀಲರು ಕಾಂಗ್ರೆಸ್, ಗುತ್ತೇದಾರರು ಬಿಜೆಪಿ. ಗುತ್ತೇದಾರರು ಗೆದ್ದದ್ದು ಬರೀ 697 ಮತಗಳಿಂದ. 2023ರಲ್ಲಿ ಪಾಟೀಲರು 10,348 ಮತಗಳ ಅಂತರದಿಂದ ಮತ್ತೆ ಬಂದರು. ಇಬ್ಬರೂ ಪಕ್ಷ ಬದಲಿಸಿದರು, ಅವರ ಕಡೆಯ ಜನ ಕಡೆ ಬದಲಿಸಲಿಲ್ಲ. 2015ರಲ್ಲಿ ಪಂಚಾಯ್ತಿಗೆ ಗೆದ್ದ ಒಬ್ಬ ಸದಸ್ಯನ ಹೆಸರಿನ ಮುಂದೆ ಪತ್ರಿಕೆಯವರು ಅಂದು ಯಾವ ಪಕ್ಷವನ್ನು ಬರೆದಿದ್ದರೂ ಮೂರು ವರ್ಷದಲ್ಲಿ ಅದು ಸುಳ್ಳಾಗುತ್ತಿತ್ತು. ಹಾಗಾಗಿ 'ಬೆಂಬಲಿತ' ಎಂಬ ಮಾತು ಇಲ್ಲಿ ಪಕ್ಷವನ್ನು ಹೇಳುವುದಿಲ್ಲ. ಯಾರ ಕಡೆ ಎಂಬುದನ್ನು ಮಾತ್ರ ಹೇಳುತ್ತದೆ. ಅದನ್ನೂ ನೇರ ಹೇಳುವುದಿಲ್ಲ.

ನಮ್ಮ ಕಡೆ ಹೊಲದ ಉತಾರದಲ್ಲಿ ಒಬ್ಬರ ಹೆಸರು, ರಾಶಿ ಮಾಡಿ ಒಯ್ಯುವವರು ಇನ್ನೊಬ್ಬರು ಎಂಬ ವ್ಯವಹಾರ ಹೊಸದಲ್ಲ. ಅದನ್ನು ಬೇನಾಮಿ ಎನ್ನುತ್ತಾರೆ. 'ಬೆಂಬಲಿತ ಅಭ್ಯರ್ಥಿ' ಅಂಥದೇ ಬೇನಾಮಿ. ಚುನಾವಣೆಯ ಖರ್ಚು, ಪ್ಯಾನಲ್ಲು, ಗಾಡಿ, ಗುಲಾಲು ಎಲ್ಲದರ ಹಿಂದೆ ಒಬ್ಬ ನಾಯಕನಿರುತ್ತಾನೆ. ಗೆದ್ದರೆ ಸಂಖ್ಯೆ ಅವನ ಲೆಕ್ಕಕ್ಕೆ. ಚರಂಡಿ ತುಂಬಿ ನೀರು ಮನೆಗೆ ನುಗ್ಗಿದಾಗ ಮಾತ್ರ 'ಪಂಚಾಯ್ತಿ ಪಕ್ಷರಹಿತರೀ, ನಮ್ಮದೇನೈತಿ' ಎಂಬ ಉತ್ತರ. ಬೆಳೆಗೆ ಹಕ್ಕುದಾರರು ಇದ್ದಾರೆ, ಸಾಲಕ್ಕೆ ಜಾಮೀನುದಾರರು ಇಲ್ಲ.

ಪಕ್ಷದ ಹೆಸರಿನಲ್ಲೇ ಸ್ಥಳೀಯ ಚುನಾವಣೆ ನಡೆಯುವ ಕಡೆ ಹೇಗಿರುತ್ತದೆ ಎಂದು ತಿಳಿಯಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಫಲಿತಾಂಶ ನೋಡಿ. 2022ರ ಮೇ ತಿಂಗಳಲ್ಲಿ ಅಲ್ಲಿಯ 101 ಸ್ಥಾನಗಳಲ್ಲಿ ಲೇಬರ್ 65, ಕನ್ಸರ್ವೇಟಿವ್ 22, ಲಿಬರಲ್ ಡೆಮಾಕ್ರಾಟ್ 12, ಗ್ರೀನ್ 2. ಒಂದು ಸಾಲು, ಕೂಡಿಸಿದರೆ ತಾಳೆಯಾಗುತ್ತದೆ. ಮರುವರ್ಷ ಸೆಪ್ಟೆಂಬರಿನಲ್ಲಿ ಆ ನಗರಸಭೆ ಕೈಯಲ್ಲಿ ದುಡ್ಡಿಲ್ಲವೆಂದು ಅಧಿಕೃತವಾಗಿ ಘೋಷಿಸಿತು. ಆಗ ಜನರಿಗೆ ಬೈಯಲು ವಿಳಾಸ ಹುಡುಕಬೇಕಾಗಲಿಲ್ಲ. ಪಕ್ಷದಿಂದ ಆಡಳಿತ ಒಳ್ಳೆಯದಾಗುತ್ತದೆಂದು ಇದರ ಅರ್ಥವಲ್ಲ. ದಿವಾಳಿಯಾದದ್ದು ಪಕ್ಷದ ಆಡಳಿತವೇ. ವಿಳಾಸವಾದರೂ ಇತ್ತು ಎಂಬುದಷ್ಟೇ ಅರ್ಥ.

ಹಾಗಾದರೆ ಚಿಹ್ನೆ ಕೊಟ್ಟರೆ ನಮ್ಮಲ್ಲೂ ಲೆಕ್ಕ ಸರಿಹೋಗುತ್ತದೆಯೇ? ಕಲಬುರಗಿ ಮಹಾನಗರ ಪಾಲಿಕೆ ಉತ್ತರ ಕೊಟ್ಟಿದೆ. 2021ರ ಸೆಪ್ಟೆಂಬರಿನಲ್ಲಿ 55 ವಾರ್ಡುಗಳ ಫಲಿತಾಂಶ ಬಂತು: ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ, ಒಂದೂವರೆ ವರ್ಷದ ಮೇಲೆ. ಅಲ್ಲಿ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರೂ ಮತ ಹಾಕುತ್ತಾರೆ. 33ಕ್ಕೆ 32, ಒಂದೇ ಮತದಿಂದ ಬಿಜೆಪಿಗೆ ಪಟ್ಟ. ಚಿಹ್ನೆ ನೋಡಿ ಓಟು ಒತ್ತಿದವರ ಕೈಗೆ ಸಿಕ್ಕದ್ದು ಅರ್ಧ ಫಲಿತಾಂಶ ಮಾತ್ರ.

ನನ್ನ ತಕರಾರು ಇರುವುದು ಇಲ್ಲಿ. ಹಳ್ಳಿಯಲ್ಲಾಗಲಿ ಪಟ್ಟಣದಲ್ಲಾಗಲಿ, ನಾವು ಫಲಿತಾಂಶ ಎಂದು ಗುಲಾಲು ಹಾರಿಸುವುದು ಎಣಿಕೆಯ ದಿನ. ನಿಜವಾದ ಫಲಿತಾಂಶ ಹೊರಬೀಳುವುದು ಗದ್ದುಗೆಗೆ ಯಾರು ಕೂಡುತ್ತಾರೆ ಎಂದು ತೀರ್ಮಾನವಾಗುವ ದಿನ. ಪಂಚಾಯ್ತಿಯಲ್ಲಂತೂ 2020ರ ಎಣಿಕೆ ಮುಗಿದ ಮೇಲೆಯೇ ಅಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಬಂತು. ಓಟು ಹಾಕುವವನಿಗೆ ತನ್ನ ಸದಸ್ಯ ಅಧ್ಯಕ್ಷನಾಗಬಲ್ಲನೇ ಎಂಬುದೂ ಗೊತ್ತಿರಲಿಲ್ಲ. ಪಟ್ಟಿ ಬಂದ ಮೇಲೆ ಶುರುವಾಗುವುದು ಸದಸ್ಯರನ್ನು ಒಯ್ದು ಬಚ್ಚಿಡುವ ಟೂರು. ಸದಸ್ಯರ ಫೋನು ಬಂದಾಗುತ್ತವೆ. ಆಯ್ಕೆಯ ದಿನ ಬೆಳಿಗ್ಗೆ ಗಾಡಿ ನೇರ ಪಂಚಾಯ್ತಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಮತಪತ್ರದಲ್ಲೇ ಪಕ್ಷ ಇಲ್ಲದ ಮೇಲೆ ಪಕ್ಷಾಂತರದ ಮಾತೂ ಏಳುವುದಿಲ್ಲ. ಮೂವತ್ತು ತಿಂಗಳಿಗೊಮ್ಮೆ ಗದ್ದುಗೆ ಬದಲಾಗುವುದರಿಂದ ಈ ಜಾತ್ರೆ ಒಂದೇ ಅವಧಿಯಲ್ಲಿ ಎರಡು ಸಲ. ಸ್ಥಾನ ಮಹಿಳೆಗೆ ಮೀಸಲಾಗಿದ್ದರೆ ಹಾರ ಅನೇಕ ಕಡೆ ಆಕೆಯ ಗಂಡನ ಕೊರಳಿಗೆ. ಬೇನಾಮಿಯೊಳಗೊಂದು ಬೇನಾಮಿ.

ಈ ಎಲ್ಲದರ ಮೇಲೆ ಇನ್ನೊಂದು ಮಾತು. ಪಕ್ಷದ ಚಿಹ್ನೆಯ ಮೇಲೆಯೇ ನಡೆಯಬೇಕಾದ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಚುನಾವಣೆ ಕೊನೆಯ ಸಲ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಅಧಿಕಾರಿಗಳದೇ ಆಡಳಿತ. ಪಂಚಾಯ್ತಿಯ ಗೆಲುವನ್ನು ತಮ್ಮದೆಂದು ಎಣಿಸಿಕೊಳ್ಳಲು ಮುಗಿಬೀಳುವ ಪಕ್ಷಗಳು, ಹೆಸರು ಹಾಕಿಕೊಂಡು ಪರೀಕ್ಷೆಗೆ ಕೂಡಬೇಕಾದ ಕಡೆ ಕೂಡುವ ಅವಸರ ತೋರಿಸಲಿಲ್ಲ. 'ಬೆಂಬಲಿತ' ಎಂಬ ಪದ ಅವರಿಗೆ ಯಾಕೆ ಅಷ್ಟು ಹಿತ ಎಂಬುದು ಇಲ್ಲಿ ತಿಳಿಯುತ್ತದೆ.

ಪಕ್ಷರಹಿತ ಚುನಾವಣೆ ಉಳಿಯಲಿ ಎನ್ನುವವನು ನಾನು. ಕಬ್ಬು ಕಡಿಯುವ ಆ ಹೆಣ್ಣುಮಗಳಿಗೆ ತೆರೆದಿರುವ ಬಾಗಿಲು ಅದೊಂದೇ. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿ ನಾಮಪತ್ರಕ್ಕೆ ಮೊದಲೇ ಗೊತ್ತಾಗಲಿ. ಅಧ್ಯಕ್ಷರ ಆಯ್ಕೆಯಲ್ಲಿ ನಮ್ಮ ವಾರ್ಡಿನ ಸದಸ್ಯ ಯಾರಿಗೆ ಓಟು ಹಾಕಿದ ಎಂದು ಪಂಚಾಯ್ತಿ ಗೋಡೆಗೆ ಬರೆದು ಹಚ್ಚಲಿ. ಪತ್ರಿಕೆಯವರು 'ಬೆಂಬಲಿತ' ಎಂಬ ಪದ ಬಿಟ್ಟು ಸದಸ್ಯನ ಹೆಸರು, ವಾರ್ಡು, ಬಿದ್ದ ಮತ ಇಷ್ಟನ್ನೇ ಅಚ್ಚು ಹಾಕಲಿ. ಆಗ ಉತಾರದಲ್ಲಿ ಇರುವ ಹೆಸರೂ ರಾಶಿ ಒಯ್ಯುವವನ ಹೆಸರೂ ಒಂದೇ ಆಗದಿದ್ದರೂ, ಎರಡೂ ಊರಿಗೆ ಕಾಣುವಂತಾದರೂ ಆಗುತ್ತವೆ.